ಹಳೆಯ ಎಕ್ಸ್‌ಪಿ ಯಂತ್ರವನ್ನು ಹೊಸ ಗಣಕಕ್ಕೆ ಸಾಗಿಸಿದ ಬಗೆ

ಸಾಗರದಲ್ಲಿ ನಮ್ಮ ಚಿಕ್ಕಪ್ಪ ನಡೆಸುತ್ತಿರುವ ಸಣ್ಣ ಮುದ್ರಣಾಲಯದಲ್ಲಿ 2015ರಲ್ಲಿ ಪುಟ ಕಟ್ಟಿದ 192 ಪುಟಗಳ ಒಂದು ಪುಸ್ತಕಕ್ಕೆ ಈ ವರ್ಷ ಎರಡನೆಯ ಮುದ್ರಣದ ಯೋಗ ಬಂದಿತು. ಲೇಖಕರು ಹನ್ನೊಂದು ಪುಟಗಳಲ್ಲಿ ಸಣ್ಣಪುಟ್ಟ ತಿದ್ದುಪಡಿಗಳನ್ನು ಗುರುತು ಹಾಕಿ ಕಳುಹಿಸಿದ್ದರು. ಪುಸ್ತಕವಿದ್ದದ್ದು ಪುಟ ಕಟ್ಟುವ ಹಳೆಯ ತಂತ್ರಾಂಶವಾದ ಪೇಜ್‌ಮೇಕರ್ 7ರ ಕಡತದಲ್ಲಿ, ಅಕ್ಷರಗಳಿದ್ದದ್ದು ಯುನಿಕೋಡ್‌ಗೆ ಮೊದಲಿನ ನುಡಿ ಫಾಂಟಿನಲ್ಲಿ, ಇವೆರಡೂ ಇದ್ದದ್ದು ವಿಂಡೋಸ್ ಎಕ್ಸ್‌ಪಿಯ ಒಂದು ವರ್ಚುವಲ್ ಮಷೀನ್‌ನಲ್ಲಿ, ಎಂದರೆ ಗಣಕದೊಳಗೆ ತಂತ್ರಾಂಶದಿಂದ ನಡೆಯುವ ಇನ್ನೊಂದು ಗಣಕದಲ್ಲಿ. ಆ ವರ್ಚುವಲ್ ಮಷೀನನ್ನು 2012ರಲ್ಲಿ ನಾನೇ ಕಟ್ಟಿಕೊಟ್ಟಿದ್ದೆ. ಅದನ್ನು ಹೊತ್ತು ನಿಂತಿದ್ದ ಗಣಕ ಮಾತ್ರ ಈಚೆಗೆ ಒಂದೊಂದು ದಿನ ಏಳುತ್ತಿತ್ತು, ಒಂದೊಂದು ದಿನ ಏಳುತ್ತಿರಲಿಲ್ಲ. ಪುಸ್ತಕವನ್ನು ತಿದ್ದುವ ಮೊದಲು ಯಂತ್ರವನ್ನು ಸಾಗಿಸಬೇಕಾಯಿತು. ಆ ಕೆಲಸದ ವಿವರ ಇಲ್ಲಿದೆ.

ಪಠ್ಯವನ್ನೆಲ್ಲ ಯುನಿಕೋಡ್‌ಗೆ ಪರಿವರ್ತಿಸಿ ಹೊಸ ತಂತ್ರಾಂಶದಲ್ಲಿ ಪುಟ ಕಟ್ಟಬಾರದೇಕೆ ಎಂದು ಕೇಳುವವರು ಇರುತ್ತಾರೆ. ಹೊಸ ಪುಸ್ತಕಕ್ಕೆ ನಾನು ಅದನ್ನೇ ಹೇಳುತ್ತೇನೆ. ಆದರೆ ಹಳೆಯ ನುಡಿ ಫಾಂಟಿನಲ್ಲಿ ಕನ್ನಡದ ಅಕ್ಷರಭಾಗಗಳು ಇಂಗ್ಲಿಷ್ ಅಕ್ಷರಗಳ ಸಂಕೇತಸ್ಥಾನಗಳಲ್ಲಿ ಕುಳಿತಿರುತ್ತವೆ. ಒತ್ತಕ್ಷರ, ಅರ್ಕಾವೊತ್ತು, ದೀರ್ಘದ ಕೊಂಬು ಎಲ್ಲವೂ ಬಿಡಿಬಿಡಿ ಅಚ್ಚುಮೊಳೆಗಳಿದ್ದಂತೆ. ಯುನಿಕೋಡ್ ಅರಿಯದ ಪೇಜ್‌ಮೇಕರ್‌ನಲ್ಲಿ ಕನ್ನಡ ಪುಸ್ತಕಗಳು ಅಚ್ಚಾದದ್ದು ಈ ಉಪಾಯದಿಂದಲೇ. ಪರಿವರ್ತಕಗಳು ಪಠ್ಯವನ್ನು ಚೆನ್ನಾಗಿಯೇ ಬದಲಿಸಿಕೊಡುತ್ತವೆ, ಆದರೆ ಸಾಲುಗಳು ಬೇರೆ ಕಡೆ ಮುರಿಯುತ್ತವೆ, ಪುಟಗಳು ಜರುಗುತ್ತವೆ, ಕೊನೆಯಲ್ಲಿರುವ ಆರು ಪುಟಗಳ ಪದಸೂಚಿಯ ಒಂದೊಂದು ಅಂಕಿಯನ್ನೂ ಮತ್ತೆ ಹಾಕಬೇಕಾಗುತ್ತದೆ. ಪೇಜ್‌ಮೇಕರ್ ಕಡತವನ್ನು ತೆರೆಯಬಲ್ಲ ಇನ್‌ಡಿಸೈನ್ ಆವೃತ್ತಿಗಳಲ್ಲಿ ಸಿಎಸ್6 ಕೊನೆಯದು, ಅದೂ ಈಗ ಹಳೆಯದಾಗಿದೆ. ಹನ್ನೊಂದು ಪುಟಗಳ ತಿದ್ದುಪಡಿಗಾಗಿ ಹದಿನಾರು ಪುಟಕ್ಕೊಂದರಂತೆ ಹನ್ನೆರಡು ಫಾರಂಗಳನ್ನು ಬಿಚ್ಚಿ ಕಟ್ಟುವುದು ನನಗೆ ಸರಿಯೆನಿಸಲಿಲ್ಲ.

ಹಳೆಯ ಗಣಕದಲ್ಲಿದ್ದದ್ದು ಇಂಟೆಲ್ ಪೆಂಟಿಯಂ ಡ್ಯುಯಲ್-ಕೋರ್ ಇ2180 ಪ್ರೊಸೆಸರ್, 2 ಜಿಬಿ ಡಿಡಿಆರ್2 ಮೆಮೊರಿ, 160 ಜಿಬಿ ಹಾರ್ಡ್ ಡಿಸ್ಕ್, ಉಬುಂಟು 12.04, ಅದರೊಂದಿಗೇ ಬಂದಿದ್ದ, ವರ್ಚುವಲ್ ಮಷೀನ್ ನಡೆಸುವ ತಂತ್ರಾಂಶ ವರ್ಚುವಲ್‌ಬಾಕ್ಸ್ 4.1. ಈ ಪ್ರೊಸೆಸರ್‌ನಲ್ಲಿ ವರ್ಚುವಲೀಕರಣಕ್ಕೆ ಯಂತ್ರಾಂಶದ ಬೆಂಬಲವೇ ಇಲ್ಲ. ಆಗಿನ ವರ್ಚುವಲ್‌ಬಾಕ್ಸ್ 32 ಬಿಟ್‌ನ ಅತಿಥಿ ವ್ಯವಸ್ಥೆಗಳನ್ನು (ವರ್ಚುವಲ್ ಮಷೀನ್‌ನೊಳಗೆ ಓಡುವ ಎಕ್ಸ್‌ಪಿಯಂಥವನ್ನು) ಬರಿಯ ತಂತ್ರಾಂಶದ ಬಲದಿಂದಲೇ ನಡೆಸಬಲ್ಲದಾಗಿತ್ತು. 2019ರ ಕೊನೆಯಲ್ಲಿ ಬಂದ 6.1ನೆಯ ಆವೃತ್ತಿಯಲ್ಲಿ ಆ ಸೌಲಭ್ಯವನ್ನು ತೆಗೆದುಹಾಕಿದ್ದರಿಂದ, ಈ ಗಣಕದಲ್ಲಿ ಹೊಸ ಆವೃತ್ತಿ ಹಾಕಿ ಮುಂದುವರಿಯುವ ದಾರಿಯೂ ಮುಚ್ಚಿತ್ತು. ಹೊಸ ಗಣಕ ಎಎಂಡಿ ರೈಜೆನ್ 5 5600ಜಿ, 32 ಜಿಬಿ ಮೆಮೊರಿ, 1 ಟಿಬಿಯ ಎನ್‌ವಿಎಂಇ ಡಿಸ್ಕ್. ಅದರಲ್ಲಿ ಡೆಬಿಯನ್ 12. ವರ್ಚುವಲ್ ಮಷೀನ್ ನಡೆಸಲು ಬೇಕಾದ ಮೂರೂ, ಎಂದರೆ ಲಿನಕ್ಸ್ ಕರ್ನಲ್‌ನೊಳಗೆ 2007ರಿಂದಲೂ ಇರುವ ಕೆವಿಎಂ, ಯಂತ್ರಾಂಶವನ್ನು ಅನುಕರಿಸುವ ಕ್ಯೂಎಮು 7.2 ಮತ್ತು ಅವೆರಡನ್ನೂ ನಿರ್ವಹಿಸುವ ಲಿಬ್‌ವರ್ಟ್ 9.0, ಡೆಬಿಯನ್ನಿನ ಭಂಡಾರದಲ್ಲಿಯೇ ದೊರೆಯುವುದರಿಂದ, ಮುಂದಿನ ಹತ್ತು ವರ್ಷ ಹೊರಗಿನಿಂದ ಏನನ್ನೂ ತಂದು ಹಾಕಬೇಕಾಗದಂತೆ ಅವನ್ನೇ ಆರಿಸಿಕೊಂಡೆ.

ಮೊದಲ ಕೆಲಸ ಹಳೆಯ ಡಿಸ್ಕನ್ನು ಉಳಿಸಿಕೊಳ್ಳುವುದು. ಡಿಸ್ಕ್ ತನ್ನ ಆರೋಗ್ಯದ ಬಗ್ಗೆ ತಾನೇ ಕೊಡುವ ಸ್ಮಾರ್ಟ್ ವರದಿಯಲ್ಲಿ ಓದಲು ಬಾಕಿಯಿರುವ ಸೆಕ್ಟರ್‌ಗಳೆಂದು ಎಂಟನ್ನು ತೋರಿಸುತ್ತಿತ್ತು. ಎಂಟು ಸೆಕ್ಟರ್ ಎಂದರೆ 4096 ಬೈಟ್ ಮಾತ್ರ, ಆದರೆ ಅವು ಪುಸ್ತಕದ ಕಡತದ ನಡುವೆ ಬಿದ್ದಿದ್ದರೆ ಅಷ್ಟೇ ಸಾಕು. ಡಿಸ್ಕನ್ನು ಕಳಚಿ, ಯುಎಸ್‌ಬಿ ಮೂಲಕ ಹೊಸ ಗಣಕಕ್ಕೆ ಜೋಡಿಸಿ, ಕೆಡುತ್ತಿರುವ ಡಿಸ್ಕಿನಿಂದ ನಕಲು ತೆಗೆಯುವ ಡಿಡಿರೆಸ್ಕ್ಯೂ ಬಳಸಿ ಇಡೀ ಡಿಸ್ಕಿನ ಪ್ರತಿಬಿಂಬವನ್ನು ತೆಗೆದೆ. ಸುಮಾರು ಒಂದೂವರೆ ಗಂಟೆ ಹಿಡಿಯಿತು. ಆ ಎಂಟು ಸೆಕ್ಟರ್‌ಗಳು ಕಡೆಗೂ ಓದಲು ಸಿಗಲಿಲ್ಲ. ಡಿಡಿರೆಸ್ಕ್ಯೂ ಬರೆದಿಟ್ಟ ನಕ್ಷೆಯಿಂದ ಅವುಗಳ ಜಾಗವನ್ನು ಹಿಡಿದು ನೋಡಿದಾಗ, ಅವು ಉಬುಂಟುವಿನ ಯಾವುದೋ ಹಳೆಯ ಪ್ಯಾಕೇಜಿನಲ್ಲಿದ್ದವು. ವರ್ಚುವಲ್ ಮಷೀನ್‌ನ ಕಡತಗಳಿಗೆ ತಗುಲಿರಲಿಲ್ಲ. ಈ ಪ್ರತಿಬಿಂಬ ಕೈಗೆ ಬರುವವರೆಗೆ ಹಳೆಯ ಗಣಕವನ್ನು ಮತ್ತೊಮ್ಮೆ ಚಾಲೂ ಮಾಡಲು ನಾನು ಒಪ್ಪಲಿಲ್ಲ. ಯಾರೇ ಈ ಕೆಲಸಕ್ಕೆ ಕೈಹಾಕಿದರೂ ಇಲ್ಲಿಂದಲೇ ಆರಂಭಿಸಬೇಕೆಂದು ಒತ್ತಿ ಹೇಳುತ್ತೇನೆ.

ಹೊಸ ಗಣಕದಲ್ಲಿ ಕೆವಿಎಂ ಮೊದಲಿಗೆ ಎದ್ದೇಳಲಿಲ್ಲ. ಬಯೋಸ್‌ನಲ್ಲಿ ಎಸ್‌ವಿಎಂ ಎಂಬ, ಎಎಂಡಿಯ ವರ್ಚುವಲೀಕರಣದ ಆಯ್ಕೆ ನಿಷ್ಕ್ರಿಯವಾಗಿತ್ತು; ಸಕ್ರಿಯಗೊಳಿಸಿದ ಮೇಲೆ ಸರಿಯಾಯಿತು. ಇನ್ನು ಹಳೆಯ ಫೋಲ್ಡರಿನಿಂದ ವಿಡಿಐ ಕಡತವನ್ನು (ವರ್ಚುವಲ್‌ಬಾಕ್ಸ್‌ನ ಡಿಸ್ಕ್ ಕಡತ) ತೆಗೆದುಕೊಂಡು, ಕ್ಯೂಎಮುವಿನ ಇಮೇಜ್ ಪರಿವರ್ತಕದಿಂದ ಅದರದೇ ಆದ ಕ್ಯೂಕೌ2 ರೂಪಕ್ಕೆ ಬದಲಿಸಿದೆ. ಪರಿವರ್ತನೆ ಯಾವ ದೋಷವನ್ನೂ ತೋರಿಸದೆ ಮುಗಿಯಿತು. ಹಳೆಯ ಐ440ಎಫ್‌ಎಕ್ಸ್ ಮಾದರಿಯ ಯಂತ್ರವನ್ನು ಆರಿಸಿ, ಡಿಸ್ಕನ್ನು ಹಳೆಯ ಐಡಿಇ ಬಗೆಯದೆಂದು ಜೋಡಿಸಿ ಚಾಲೂ ಮಾಡಿದರೆ, ವಿಂಡೋಸ್ ಲಾಂಛನ ಒಂದು ಕ್ಷಣ ಕಾಣಿಸಿ, ನೀಲಿ ಪರದೆ ಮಿಂಚಿ, ಯಂತ್ರ ತಾನಾಗಿ ಮರಳಿ ಆರಂಭವಾಯಿತು. ನೀಲಿ ಪರದೆಯನ್ನು ಓದುವಷ್ಟು ಹೊತ್ತು ನಿಲ್ಲಿಸಬೇಕಾದರೆ, ಎಫ್8 ಒತ್ತಿ ಬರುವ ಪಟ್ಟಿಯಲ್ಲಿ ವೈಫಲ್ಯದ ನಂತರ ತಾನಾಗಿ ಮರುಚಾಲನೆಯಾಗುವುದನ್ನು ತಡೆಯುವ ಸಾಲನ್ನು ಆರಿಸಬೇಕು. ಹಾಗೆ ಮಾಡಿದಾಗ ಕಂಡದ್ದು 7ಬಿ ಎಂಬ ಸ್ಟಾಪ್ ಸಂಕೇತ: ತಾನು ನೆಲೆಸಿರುವ ಡಿಸ್ಕನ್ನೇ ವಿಂಡೋಸ್ ತಲುಪಲಾರದಾಗಿತ್ತು.

ಇದರ ಕಾರಣ ತಿಳಿಯುವಂಥದ್ದೇ. ವರ್ಚುವಲ್‌ಬಾಕ್ಸ್ ಅತಿಥಿಗೆ ತೋರಿಸುತ್ತಿದ್ದದ್ದು ಪಿಐಐಎಕ್ಸ್4 ಎಂಬ ಐಡಿಇ ನಿಯಂತ್ರಕವನ್ನು. ಕ್ಯೂಎಮು ತೋರಿಸುವುದು ಅದಕ್ಕಿಂತ ಹಳೆಯ ಪಿಐಐಎಕ್ಸ್3 ಅನ್ನು. ಎರಡಕ್ಕೂ ಒಂದೇ ಚಾಲಕ (ಡ್ರೈವರ್) ಸಾಕು, ಅದು ಎಕ್ಸ್‌ಪಿಯಲ್ಲಿ ಇದ್ದೇ ಇದೆ. ಆದರೆ ಬೂಟ್ ಆಗುವ ಹೊತ್ತಿನಲ್ಲಿ ಯಾವ ಸಾಧನಕ್ಕೆ ಯಾವ ಚಾಲಕ ಎಂಬುದನ್ನು ವಿಂಡೋಸ್ ತನ್ನ ಸಂರಚನೆಯನ್ನು ಬರೆದಿಡುವ ರಿಜಿಸ್ಟ್ರಿಯಲ್ಲಿನ ಕ್ರಿಟಿಕಲ್ ಡಿವೈಸ್ ಡೇಟಾಬೇಸ್ ಎಂಬ ಪಟ್ಟಿಯಿಂದ ತಿಳಿಯುತ್ತದೆ, ಅಲ್ಲಿ ಹೊಸ ನಿಯಂತ್ರಕದ ಹೆಸರಿರಲಿಲ್ಲ. ವರ್ಚುವಲ್ ಡಿಸ್ಕುಗಳನ್ನು ಹೊರಗಿನಿಂದ ತಿದ್ದುವ ಲಿಬ್‌ಗೆಸ್ಟ್‌ಎಫ್‌ಎಸ್ ಜೊತೆಗೆ ಬರುವ ಉಪಕರಣದಿಂದ, ಅತಿಥಿ ಮಲಗಿರುವಾಗಲೇ ಅದರ ರಿಜಿಸ್ಟ್ರಿಗೆ ಸಾಲುಗಳನ್ನು ಸೇರಿಸಬಹುದು. ಒಂದು ಮಾತು ನೆನಪಿಡಬೇಕು: ಚಾಲನೆಯಲ್ಲಿರುವ ವಿಂಡೋಸ್‌ನಲ್ಲಿ ಕಾಣುವ ಕರೆಂಟ್ ಕಂಟ್ರೋಲ್ ಸೆಟ್ ಎಂಬುದು ಮಲಗಿರುವ ರಿಜಿಸ್ಟ್ರಿಯಲ್ಲಿ ಇರುವುದಿಲ್ಲ, ಕಂಟ್ರೋಲ್ ಸೆಟ್ 001 ಎಂದು ಅಂಕಿಯೊಡನೆ ಬರೆಯಬೇಕು. ಪಿಐಐಎಕ್ಸ್3ರ ಹೆಸರನ್ನೂ, ಯಾವ ನಿಯಂತ್ರಕವಾದರೂ ಹಿಡಿಯಬಲ್ಲ ಸಾಮಾನ್ಯ ಐಡಿಇ ವರ್ಗದ ಹೆಸರನ್ನೂ ಸೇರಿಸಿದೆ.

ಎರಡನೆಯ ಸಲ ಲಾಂಛನದ ಕೆಳಗಿನ ಪಟ್ಟಿ ಸ್ವಲ್ಪ ಹೆಚ್ಚು ಹೊತ್ತು ಓಡಿತು, ಆಮೇಲೆ ಮತ್ತೆ ನೀಲಿ ಪರದೆ. ಈ ಸಲ ಸಂಕೇತ 7ಇ, ಜೊತೆಗೆ ಇಂಟೆಲ್‌ಪಿಪಿಎಂ ಎಂಬ ಕಡತದ ಹೆಸರು. ಅದು ಇಂಟೆಲ್ ಪ್ರೊಸೆಸರ್‌ನ ವಿದ್ಯುತ್ ಬಳಕೆಯನ್ನು ನಿಯಂತ್ರಿಸುವ ಚಾಲಕ. ಎಕ್ಸ್‌ಪಿಯನ್ನು ನಾನು ಸ್ಥಾಪಿಸಿದ್ದು ಇಂಟೆಲ್ ಗಣಕದ ಮೇಲೆ, ಈಗ ಕೆಳಗಿರುವುದು ಎಎಂಡಿ. ಈ ಚಾಲಕ ತನ್ನದಲ್ಲದ ಪ್ರೊಸೆಸರ್ ಮೇಲೆ ಎದ್ದು ನಿಂತು ಕುಸಿಯುತ್ತದೆ. ಅತಿಥಿಗೆ ಇಂಟೆಲ್ ಪ್ರೊಸೆಸರ್‌ನ ವೇಷ ತೊಡಿಸುವ ದಾರಿಯೂ ಉಂಟು. ಆದರೆ ವರ್ಚುವಲ್ ಮಷೀನ್‌ನೊಳಗೆ ವಿದ್ಯುತ್ ನಿಯಂತ್ರಣದ ಚಾಲಕಕ್ಕೆ ಕೆಲಸವೇ ಇಲ್ಲವಾದ್ದರಿಂದ, ರಿಜಿಸ್ಟ್ರಿಯಲ್ಲಿ ಅದರ ಸ್ಟಾರ್ಟ್ ಮೌಲ್ಯವನ್ನು 4 ಎಂದು ಬದಲಿಸಿ ಶಾಶ್ವತವಾಗಿ ಮಲಗಿಸಿದೆ.

ಮೂರನೆಯ ಸಲ ಡೆಸ್ಕ್‌ಟಾಪ್ ಬಂದಿತು. ಚಿಕ್ಕಪ್ಪ ಪಕ್ಕದಲ್ಲೇ ಕುಳಿತಿದ್ದರು. ಪರದೆಯನ್ನು ಸ್ವಲ್ಪ ಹೊತ್ತು ನೋಡಿ, “ಇದು ನಮ್ಮದೇ, ಆದರೆ ಪುಸ್ತಕದ ಫೋಲ್ಡರ್ ಎಲ್ಲಿ ಹೋಯಿತೋ?” ಎಂದರು. ಹುಡುಕಿದೆ. ಪುಸ್ತಕವೂ ಇರಲಿಲ್ಲ, 2013ರ ಮಾರ್ಚ್ ನಂತರ ಮಾಡಿದ ಯಾವ ಕೆಲಸವೂ ಇರಲಿಲ್ಲ. ಅಲ್ಲಿಯವರೆಗಿನದೆಲ್ಲ ಅಚ್ಚುಕಟ್ಟಾಗಿ ಇತ್ತು. ಆ ಕ್ಷಣದ ಎದೆಬಡಿತ ಇನ್ನೂ ನೆನಪಿದೆ.

ಹಳೆಯ ಫೋಲ್ಡರನ್ನು ಮತ್ತೆ ತೆರೆದು ನೋಡಿದಾಗ ಉತ್ತರ ಅಲ್ಲಿಯೇ ಇತ್ತು. 14 ಜಿಬಿಯ ಮುಖ್ಯ ವಿಡಿಐ ಕಡತದ ಪಕ್ಕದಲ್ಲಿ ಸ್ನಾಪ್‌ಶಾಟ್ಸ್ ಎಂಬ ಒಳಫೋಲ್ಡರ್, ಅದರಲ್ಲಿ ಉದ್ದುದ್ದ ಅಂಕಿಗಳ ಹೆಸರಿನ ಎರಡು ಕಡತಗಳು. ಒಂದು 6 ಜಿಬಿ, ಇನ್ನೊಂದು 3 ಜಿಬಿ. 2013ರಲ್ಲಿ ಒಂದು ತಂತ್ರಾಂಶವನ್ನು ಹಾಕುವ ಮೊದಲು ನಾನೇ ಸ್ನಾಪ್‌ಶಾಟ್ ತೆಗೆದಿದ್ದೆ, 2016ರಲ್ಲಿ ಇನ್ನೊಂದು. ಸ್ನಾಪ್‌ಶಾಟ್ ಎಂದರೆ ಪಕ್ಕಕ್ಕೆ ತೆಗೆದಿಟ್ಟ ಪ್ರತಿ ಎಂದು ಅನೇಕರು ತಿಳಿದಿರುತ್ತಾರೆ. ವಾಸ್ತವದಲ್ಲಿ ಸ್ನಾಪ್‌ಶಾಟ್ ತೆಗೆದ ಕ್ಷಣದಲ್ಲಿ ಮೂಲ ಕಡತ ಇದ್ದಲ್ಲಿಯೇ ಹೆಪ್ಪುಗಟ್ಟುತ್ತದೆ. ಅಲ್ಲಿಂದ ಮುಂದೆ ಬರೆಯುವುದೆಲ್ಲ ಹೊಸ ಕಡತಕ್ಕೆ, ವ್ಯತ್ಯಾಸವಾಗಿ ಮಾತ್ರ, ಹೋಗುತ್ತದೆ. ಮುಖ್ಯವೆಂದು ಹೆಸರಿರುವ ಕಡತವೇ ಎಲ್ಲಕ್ಕಿಂತ ಹಳೆಯದು. ಅದು ತನ್ನಷ್ಟಕ್ಕೆ ಪೂರ್ಣವಾದ ಡಿಸ್ಕ್ ಆದ್ದರಿಂದ ಪರಿವರ್ತಕಕ್ಕೆ ದೂರುವುದಕ್ಕೆ ಏನೂ ಇರಲಿಲ್ಲ, ನಾನು ಕೂಡ ಆ ಮೌನವನ್ನು ಯಶಸ್ಸೆಂದು ನಂಬಿದೆ. ಸ್ನಾಪ್‌ಶಾಟ್ ಕಡತವನ್ನೇ ನೇರವಾಗಿ ಪರಿವರ್ತಕಕ್ಕೆ ಕೊಟ್ಟು ನೋಡಿದೆ. ಅದು ಬೇರೊಂದು ಕಡತಕ್ಕೆ ಕೊಂಡಿ ಹಾಕಿಕೊಂಡಿರುವ ವಿಡಿಐ ಎಂಬ ಕಾರಣಕ್ಕೆ ಕ್ಯೂಎಮು ಅದನ್ನು ತೆರೆಯಲು ನಿರಾಕರಿಸಿತು. ಮೂರು ಕಡತಗಳನ್ನು ಸೇರಿಸಿ ಒಂದು ಮಾಡಬಲ್ಲದ್ದು ವರ್ಚುವಲ್‌ಬಾಕ್ಸ್ ಮಾತ್ರ, ಅದು ಇದ್ದದ್ದು ಹಳೆಯ ಗಣಕದಲ್ಲಿ.

ಹಾಗಾಗಿ ಡಿಸ್ಕನ್ನು ಮತ್ತೆ ಅದರ ಜಾಗದಲ್ಲಿ ಕೂರಿಸಿದೆವು. ಪ್ರತಿಬಿಂಬ ಕೈಯಲ್ಲಿತ್ತಾದ್ದರಿಂದ ಈಗ ಧೈರ್ಯವಿತ್ತು. ಗಣಕ ಎರಡನೆಯ ಪ್ರಯತ್ನಕ್ಕೆ ಎದ್ದಿತು. ವರ್ಚುವಲ್‌ಬಾಕ್ಸ್‌ನ ಕ್ಲೋನ್‌ಎಚ್‌ಡಿ ಆಜ್ಞೆಗೆ ಮೂಲ ಕಡತದ ಹೆಸರನ್ನು ಕೊಡದೆ, ಸದ್ಯದ ಸ್ಥಿತಿಯನ್ನು ಹಿಡಿದಿರುವ ಕೊನೆಯ ವ್ಯತ್ಯಾಸ ಕಡತದ ಗುರುತುಸಂಖ್ಯೆಯನ್ನು ಕೊಟ್ಟರೆ, ಅದು ಇಡೀ ಸರಪಳಿಯನ್ನು ಓದಿ ಒಂದೇ ಪೂರ್ಣ ಡಿಸ್ಕನ್ನು ಬರೆಯುತ್ತದೆ. ಮುಂದಿನ ಆವೃತ್ತಿಗಳಲ್ಲಿ ಈ ಆಜ್ಞೆಯ ಹೆಸರು ಕ್ಲೋನ್‌ಮೀಡಿಯಂ ಎಂದಾಗಿದೆ. ಸ್ನಾಪ್‌ಶಾಟ್‌ಗಳನ್ನು ಅಳಿಸಿದರೂ ಸರಪಳಿ ಒಂದಾಗುತ್ತದೆ, ಆದರೆ ಆ ಕೆಲಸ ಮೂಲ ಕಡತದ ಮೇಲೆಯೇ ನಡೆಯುತ್ತದೆ. ಕೆಡುತ್ತಿರುವ ಡಿಸ್ಕಿನ ಮೇಲೆ ಅದನ್ನು ಮಾಡುವುದು ತರವಲ್ಲ. ಹೊಸ ಡಿಸ್ಕನ್ನು ಹೊರಗಿನ ಯುಎಸ್‌ಬಿ ಡಿಸ್ಕಿಗೆ ಬರೆಸಿದೆ. ಅದು ಸುಮಾರು 20 ಜಿಬಿ ಆಯಿತು.

ಹಿಂದಿನ ದಿನ ಕಲಿತದ್ದನ್ನೆಲ್ಲ ಈ ಸಲ ಹೊರಡುವ ಮೊದಲೇ ಮಾಡಿ ಮುಗಿಸಿದೆ. ಹಳೆಯ ಗಣಕದಲ್ಲಿಯೇ ತಾತ್ಕಾಲಿಕವಾಗಿ ಇನ್ನೊಂದು ವರ್ಚುವಲ್ ಮಷೀನ್ ಮಾಡಿ, ಮೂಲದ ಮ್ಯಾಕ್ ವಿಳಾಸವನ್ನೇ (ಜಾಲ ಕಾರ್ಡಿನ ಗುರುತು) ಕೊಟ್ಟು, ಈ ತದ್ರೂಪು ಡಿಸ್ಕನ್ನು ಅದಕ್ಕೆ ಜೋಡಿಸಿದೆ. ಒಳಗೆ ಹೋಗಿ ಐಡಿಇ ಸಾಲುಗಳನ್ನು ರಿಜಿಸ್ಟ್ರಿಗೆ ಸೇರಿಸಿದೆ, ಇಂಟೆಲ್‌ಪಿಪಿಎಂ ಅನ್ನು ಮಲಗಿಸಿದೆ, ಅತಿಥಿಯೊಳಗೆ ಹಾಕುವ ವರ್ಚುವಲ್‌ಬಾಕ್ಸ್‌ನ ಚಾಲಕಗಳ ಕಟ್ಟಾದ ಗೆಸ್ಟ್ ಅಡಿಷನ್ಸ್ ತೆಗೆದುಹಾಕಿದೆ. ಈ ಕೊನೆಯದನ್ನು ಅಲ್ಲಿಯೇ ತೆಗೆಯುವುದು ಲೇಸು, ಏಕೆಂದರೆ ಅದರ ಮೌಸ್ ಮತ್ತು ಚಿತ್ರ ಚಾಲಕಗಳು ಹೊಸ ಮನೆಯಲ್ಲಿ ತಮ್ಮ ಸಾಧನಗಳನ್ನು ಕಾಣದೆ ತೊಡಕು ತರುತ್ತವೆ, ಅಲ್ಲಿ ಅಳಿಸುವ ತಂತ್ರಾಂಶವೂ ಕೆಲವೊಮ್ಮೆ ಸರಿಯಾಗಿ ನಡೆಯುವುದಿಲ್ಲ. ಪುಸ್ತಕವನ್ನು ಪೇಜ್‌ಮೇಕರ್‌ನಲ್ಲಿ ತೆರೆದು, 192 ಪುಟಗಳನ್ನೂ ಒಂದು ಪೋಸ್ಟ್‌ಸ್ಕ್ರಿಪ್ಟ್ ಕಡತಕ್ಕೆ (ಮುದ್ರಕಕ್ಕೆ ಕಳುಹಿಸುವ ಪುಟವಿವರಣೆ) ಮುದ್ರಿಸಿ ತೆಗೆದಿಟ್ಟುಕೊಂಡೆ. ಇದನ್ನು ಗೆಸ್ಟ್ ಅಡಿಷನ್ಸ್ ತೆಗೆಯುವ ಮೊದಲೇ ಮಾಡಿದ್ದು ಆಮೇಲೆ ಉಪಕಾರಕ್ಕೆ ಬಂದಿತು. ಎಲ್ಲ ಮುಗಿದ ಮೇಲೆ ವಿಂಡೋಸನ್ನು ಕ್ರಮವಾಗಿ ಸ್ಥಗಿತಗೊಳಿಸಿ, ನಕಲು ಸರಿಯಾಗಿದೆಯೇ ಎಂದು ಡಿಸ್ಕಿನ ಶಾ256 ಮೊತ್ತವನ್ನು ಎರಡೂ ಕಡೆ ತಾಳೆ ನೋಡಿ, ಪರಿವರ್ತಿಸಿದೆ. ಹೊಸ ಗಣಕದಲ್ಲಿ ಅದು ಮೊದಲ ಸಲಕ್ಕೇ ಎದ್ದಿತು. ಪುಸ್ತಕದ ಫೋಲ್ಡರ್ ತನ್ನ ಜಾಗದಲ್ಲಿತ್ತು.

ಇನ್ನು ಯಂತ್ರದ ಹೊರ ವಿವರಗಳು. ಡಿಸ್ಕಿನ ಕಡತವೊಂದನ್ನೇ ಹೊತ್ತು ತಂದರೆ ಇವು ಹಿಂದೆ ಉಳಿಯುತ್ತವೆ, ಆದ್ದರಿಂದ ಹಳೆಯ ವರ್ಚುವಲ್ ಮಷೀನ್‌ನ ವಿವರಪಟ್ಟಿಯನ್ನು ಮುದ್ರಿಸಿ ಪಕ್ಕದಲ್ಲಿ ಇಟ್ಟುಕೊಂಡಿದ್ದೆ. ಮೆಮೊರಿ 1 ಜಿಬಿ, ಪ್ರೊಸೆಸರ್ ಒಂದೇ. ಹೊಸ ಗಣಕದಲ್ಲಿ ಆರು ಕೋರ್‌ಗಳಿವೆಯೆಂದು ಎರಡು ಕೊಡಲು ಹೋಗಬಾರದು. ಒಂದೇ ಪ್ರೊಸೆಸರ್‌ಗೆಂದು ಸ್ಥಾಪಿತವಾದ ಎಕ್ಸ್‌ಪಿ ಎರಡನೆಯದನ್ನು ಬಳಸುವುದಿಲ್ಲ, ಪೇಜ್‌ಮೇಕರ್‌ಗೆ ಅದರ ಅಗತ್ಯವೂ ಇಲ್ಲ. ಮ್ಯಾಕ್ ವಿಳಾಸವನ್ನು 52:54:00 ಎಂದು ಆರಂಭವಾಗುವ ಹೊಸದಕ್ಕೆ ಬಿಡದೆ, 08:00:27 ಎಂದು ಆರಂಭವಾಗುವ ಹಳೆಯದನ್ನೇ ಬರೆದೆ. ಎಕ್ಸ್‌ಪಿ ತನ್ನ ಸಕ್ರಿಯತೆಯನ್ನು ನಿರ್ಧರಿಸುವಾಗ ಯಂತ್ರಾಂಶದ ಬದಲಾವಣೆಗಳನ್ನು ಎಣಿಸುತ್ತದೆ, ಆ ಎಣಿಕೆಯಲ್ಲಿ ಜಾಲ ಕಾರ್ಡಿನ ವಿಳಾಸಕ್ಕೆ ಹೆಚ್ಚಿನ ತೂಕವಿದೆ. ನಮ್ಮ ಪರವಾನಗಿ ಅಂಗಡಿಯಲ್ಲಿ ಕೊಂಡದ್ದು. ಮತ್ತೆ ಸಕ್ರಿಯಗೊಳಿಸೆಂಬ ಸೂಚನೆ ಬರಲಿಲ್ಲ.

ಗಡಿಯಾರ ಐದೂವರೆ ಗಂಟೆ ಹಿಂದಿತ್ತು. ಇದಕ್ಕೆ ಹೆಚ್ಚು ತಲೆಕೆಡಿಸಿಕೊಳ್ಳಬೇಕಾಗಿಲ್ಲ: ವಿಂಡೋಸ್ ಯಂತ್ರದ ಗಡಿಯಾರವನ್ನು ಸ್ಥಳೀಯ ಸಮಯವೆಂದು ಓದುತ್ತದೆ, ಲಿಬ್‌ವರ್ಟ್ ಮಾತ್ರ ಬೇರೆ ಹೇಳದಿದ್ದರೆ ಯುಟಿಸಿ ಸಮಯವನ್ನು ಕೊಡುತ್ತದೆ. ಸಂರಚನೆಯಲ್ಲಿ ಸ್ಥಳೀಯ ಸಮಯವೆಂದು ಬದಲಿಸಿದರೆ ಆಯಿತು. ಚಿತ್ರಕ್ಕೆ ಮೊದಲು ಸಿರಸ್ ಕಾರ್ಡ್ ಕೊಟ್ಟೆ, ಅದರ ಚಾಲಕ ಎಕ್ಸ್‌ಪಿಯಲ್ಲಿಯೇ ಇದೆ. ಎರಡು ಪುಟಗಳನ್ನು ಎದುರುಬದುರು ಇಟ್ಟು ಕೆಲಸ ಮಾಡಲು ಆ ಪರದೆ ಸಾಲದಾದ್ದರಿಂದ, ಆಮೇಲೆ ಕ್ಯೂಎಕ್ಸ್‌ಎಲ್ ಎಂಬ ಇನ್ನೊಂದು ಚಿತ್ರ ಕಾರ್ಡ್ ಕೊಟ್ಟು ಅದರ ಎಕ್ಸ್‌ಪಿ ಚಾಲಕವನ್ನು ಹಾಕಿದೆ. ಡಿಸ್ಕಿಗೆ ವೇಗ ಹೆಚ್ಚಿಸುವ ವರ್ಟಿಯೋ ಚಾಲಕ ಹಾಕುವ ಗೋಜಿಗೆ ಹೋಗಲಿಲ್ಲ. ಎನ್‌ವಿಎಂಇ ಮೇಲೆ ಕುಳಿತ ಐಡಿಇ ಕೂಡ ಹಳೆಯ ಗಣಕಕ್ಕಿಂತ ಎಷ್ಟೋ ಚುರುಕು. ಶೀರ್ಷಿಕೆಗಳಿಗೆ ಬಳಸುವ ಒಂದು ವಾಣಿಜ್ಯ ಅಕ್ಷರ ತಂತ್ರಾಂಶಕ್ಕೆ ಪರವಾನಗಿಯ ಕೀಲಿಯಂತಿರುವ ಯುಎಸ್‌ಬಿ ಡಾಂಗಲ್ ಬೇಕು. ಅದನ್ನು ಅತಿಥಿಗೆ ದಾಟಿಸಿದರೂ ಮೊದಲು ಕಾಣಿಸಲಿಲ್ಲ, ಏಕೆಂದರೆ ಯಂತ್ರಕ್ಕೆ ಎಕ್ಸ್‌ಎಚ್‌ಸಿಐ ಎಂಬ ಹೊಸ ಬಗೆಯ ಯುಎಸ್‌ಬಿ ನಿಯಂತ್ರಕ ಸೇರಿಕೊಂಡಿತ್ತು. ಎಕ್ಸ್‌ಪಿಗೆ ಅದರ ಪರಿಚಯವಿಲ್ಲ. ಹಳೆಯ ಯುಎಚ್‌ಸಿಐ ನಿಯಂತ್ರಕಕ್ಕೆ ಬದಲಿಸಿದ ಕೂಡಲೇ ಡಾಂಗಲ್‌ನ ದೀಪ ಹೊತ್ತಿತು.

ಎಕ್ಸ್‌ಪಿಗೆ ಮೈಕ್ರೋಸಾಫ್ಟ್‌ನ ಬೆಂಬಲ 2014ರ ಏಪ್ರಿಲ್ 8ರಂದೇ ಮುಗಿದಿದೆ. ಅದನ್ನು ಇಂಟರ್ನೆಟ್‌ಗೆ ಒಡ್ಡುವುದು ಸಲ್ಲದು. ಹೊರದಾರಿಯಿಲ್ಲದ ಒಂದು ವರ್ಚುವಲ್ ಜಾಲವನ್ನು ಮಾಡಿ, ಅದರಲ್ಲಿ ಎಕ್ಸ್‌ಪಿ ಮತ್ತು ಆತಿಥೇಯ ಗಣಕ ಇವೆರಡೇ ಇರುವಂತೆ ಮಾಡಿದೆ. ಕಡತಗಳ ವಿನಿಮಯಕ್ಕೆ, ಲಿನಕ್ಸ್‌ನ ಫೋಲ್ಡರನ್ನು ವಿಂಡೋಸ್‌ಗೆ ಹಂಚುವ ಸಾಂಬಾ ಬೇಕಾಯಿತು. ಎಕ್ಸ್‌ಪಿಗೆ ಬರುವುದು ಆ ಹಂಚಿಕೆಯ ಭಾಷೆಯಾದ ಎಸ್‌ಎಂಬಿಯ ಮೊದಲ ಆವೃತ್ತಿ ಮಾತ್ರ, ಸಾಂಬಾ 4.11ರಿಂದ ಅದನ್ನು ಸಹಜವಾಗಿ ಮುಚ್ಚಿಯೇ ಇಟ್ಟಿರುತ್ತಾರೆ. ಆ ಬಾಗಿಲನ್ನು ತೆರೆದದ್ದು ಈ ಒಳಜಾಲದ ಕಡೆಗೆ ಮಾತ್ರ. ಮುದ್ರಣಾಲಯದ ಉಳಿದ ಗಣಕಗಳಿರುವ ಜಾಲದಲ್ಲಿ ಸಾಂಬಾ ಕಾಣಿಸುವುದೇ ಇಲ್ಲ. ಗುಪ್ತಪದದ ಪರಿಶೀಲನೆಯಲ್ಲಿ ಸಾಂಬಾವನ್ನು ಸಡಿಲಿಸುವ ಬದಲು, ಎಕ್ಸ್‌ಪಿಯ ರಿಜಿಸ್ಟ್ರಿಯಲ್ಲಿ ಎಲ್‌ಎಂ ಕಂಪ್ಯಾಟಿಬಿಲಿಟಿ ಮಟ್ಟವನ್ನು 3ಕ್ಕೆ ಏರಿಸಿ ಗುಪ್ತಪದ ಪರಿಶೀಲನೆಯ ಹೆಚ್ಚು ಭದ್ರವಾದ ವಿಧಾನವಾದ ಎನ್‌ಟಿಎಲ್‌ಎಂನ ಎರಡನೆಯ ಆವೃತ್ತಿಯನ್ನೇ ಬಳಸುವಂತೆ ಮಾಡಿದೆ.

ಯಂತ್ರ ಓಡುತ್ತಿದೆ ಎಂದ ಮಾತ್ರಕ್ಕೆ ಪುಟ ಸರಿಯಾಗಿದೆ ಎಂದಾಗುವುದಿಲ್ಲ. ಹೊಸ ಮನೆಯಲ್ಲಿ ಪುಸ್ತಕವನ್ನು ತೆರೆದು, ಅದೇ ಪೋಸ್ಟ್‌ಸ್ಕ್ರಿಪ್ಟ್ ಮುದ್ರಕ ಚಾಲಕದಿಂದ ಮತ್ತೆ 192 ಪುಟಗಳನ್ನು ಕಡತಕ್ಕೆ ಮುದ್ರಿಸಿದೆ. ಹಳೆಯದು, ಹೊಸದು ಎರಡನ್ನೂ ಘೋಸ್ಟ್‌ಸ್ಕ್ರಿಪ್ಟ್‌ನಿಂದ ಇಂಚಿಗೆ 150 ಚುಕ್ಕೆಗಳ ಚಿತ್ರಗಳನ್ನಾಗಿ ಮಾಡಿ, ಇಮೇಜ್‌ಮ್ಯಾಜಿಕ್‌ನಿಂದ ಪುಟಕ್ಕೆ ಪುಟ ಹೋಲಿಸಿದೆ. 189 ಪುಟಗಳಲ್ಲಿ ಒಂದು ಚುಕ್ಕೆಯೂ ಬದಲಾಗಿರಲಿಲ್ಲ. ಮೂರು ಪುಟಗಳಲ್ಲಿ ವ್ಯತ್ಯಾಸ ಕಂಡಿತು, ಮೂರೂ ಛಾಯಾಚಿತ್ರಗಳಿರುವ ಪುಟಗಳು. ತೆರೆದು ನೋಡಿದರೆ ಚಿತ್ರಗಳು ಚೌಕಚೌಕವಾಗಿ ಒಡೆದಿದ್ದವು.

ಪೇಜ್‌ಮೇಕರ್ ದೊಡ್ಡ ಚಿತ್ರಗಳನ್ನು ಕಡತದೊಳಗೆ ತುಂಬಿಕೊಳ್ಳದೆ ಹೊರಗಿನ ಟಿಫ್ ಕಡತಕ್ಕೆ ಕೊಂಡಿ ಇಟ್ಟುಕೊಳ್ಳಬಲ್ಲದು. ಆ ಕೊಂಡಿ ಸಿಗದಿದ್ದರೆ, ಪರದೆಯಲ್ಲಿ ತೋರಿಸಲೆಂದು ಇಟ್ಟುಕೊಂಡ ಒರಟು ಚಿತ್ರವನ್ನೇ ಮುದ್ರಿಸಿಬಿಡುತ್ತದೆ. ಈ ಮೂರು ಚಿತ್ರಗಳಿದ್ದದ್ದು ವರ್ಚುವಲ್ ಡಿಸ್ಕಿನಲ್ಲಲ್ಲ, ಉಬುಂಟುವಿನ ಒಂದು ಫೋಲ್ಡರಿನಲ್ಲಿ. ವರ್ಚುವಲ್‌ಬಾಕ್ಸ್‌ನ ಹಂಚಿಕೆ ಫೋಲ್ಡರ್ ಸೌಲಭ್ಯದಿಂದ ಅದು ಎಕ್ಸ್‌ಪಿಯಲ್ಲಿ ಎಫ್ ಡ್ರೈವ್ ಆಗಿ ಕಾಣುತ್ತಿತ್ತು. ಗೆಸ್ಟ್ ಅಡಿಷನ್ಸ್ ಹೋದೊಡನೆ ಎಫ್ ಡ್ರೈವ್ ಕೂಡ ಹೋಗಿತ್ತು. ಇಡೀ ಡಿಸ್ಕಿನ ಪ್ರತಿಬಿಂಬ ತೆಗೆದಿದ್ದರಿಂದ ಆ ಫೋಲ್ಡರ್ ನನ್ನ ಬಳಿ ಇದ್ದೇ ಇತ್ತು. ಅದನ್ನು ಸಾಂಬಾದ ಹಂಚಿಕೆಯಲ್ಲಿ ಅದೇ ಒಳರಚನೆಯೊಂದಿಗೆ ಇಟ್ಟು, ಎಕ್ಸ್‌ಪಿಯಲ್ಲಿ ಅದಕ್ಕೆ ಎಫ್ ಅಕ್ಷರವನ್ನೇ ಕೊಟ್ಟಾಗ, ಪೇಜ್‌ಮೇಕರ್ ಯಾವ ಪ್ರಶ್ನೆಯನ್ನೂ ಕೇಳದೆ ಕೊಂಡಿಗಳನ್ನು ಹಿಡಿದುಕೊಂಡಿತು. ಮತ್ತೆ ಮುದ್ರಿಸಿ ಹೋಲಿಸಿದೆ. ಈ ಸಲ 192 ಪುಟಗಳೂ ತಾಳೆಯಾದವು.

ಆ ಸ್ಥಿತಿಯಲ್ಲಿ ಯಂತ್ರವನ್ನು ಸ್ಥಗಿತಗೊಳಿಸಿ, ಕ್ಯೂಕೌ2 ಕಡತ, ಲಿಬ್‌ವರ್ಟ್‌ನ ಸಂರಚನಾ ಕಡತ, ಎಫ್ ಡ್ರೈವ್‌ನ ಫೋಲ್ಡರ್ ಮೂರನ್ನೂ ಒಟ್ಟಿಗೆ ಎರಡು ಬೇರೆ ಡಿಸ್ಕುಗಳಿಗೆ ನಕಲು ಮಾಡಿದೆ. ಒಂದು ಮುದ್ರಣಾಲಯದಲ್ಲಿ, ಇನ್ನೊಂದು ನಮ್ಮ ಮನೆಯಲ್ಲಿ. ಸ್ನಾಪ್‌ಶಾಟ್ ಒಂದನ್ನೂ ಇಟ್ಟಿಲ್ಲ.

ಮರುದಿನ ಬೆಳಿಗ್ಗೆ ಚಿಕ್ಕಪ್ಪ ಹನ್ನೊಂದು ಪುಟಗಳ ತಿದ್ದುಪಡಿಗಳನ್ನು ತಾವೇ ಹಾಕಿದರು. 117ನೆಯ ಪುಟದಲ್ಲಿ ಒಂದು ಹೆಸರಿಗೆ ಎರಡು ಅಕ್ಷರ ಹೆಚ್ಚಾಗಿ ಸಾಲು ಮುಂದಕ್ಕೆ ಜಾರಿತು. ಪ್ಯಾರಾದ ಅಕ್ಷರಗಳ ನಡುವಿನ ಅಂತರವನ್ನು ಕೂದಲೆಳೆಯಷ್ಟು ತಗ್ಗಿಸಿ, ಆ ಸಾಲನ್ನು ಅದೇ ಪುಟದಲ್ಲಿ ಉಳಿಸಿಕೊಂಡರು. ಪದಸೂಚಿಯನ್ನು ಮುಟ್ಟಬೇಕಾಗಲಿಲ್ಲ. ಮಧ್ಯಾಹ್ನದ ಹೊತ್ತಿಗೆ ಹನ್ನೆರಡು ಫಾರಂಗಳ ಪಿಡಿಎಫ್ ಪ್ಲೇಟ್ ಮಾಡಿಸಲು ಹೋಯಿತು.